ಬಡಾವಣೆಯ ಕ್ಷೇಮವೂ ನೆರೆಹೊರೆಯ ಹೊಣೆಯೂ

ಮನೆಯೊಳಗಿನ ಶುಚಿತ್ವವನ್ನು ಪ್ರತಿಯೊಬ್ಬರೂ ತಾವೇ ನೋಡಿಕೊಳ್ಳುತ್ತಾರೆ. ಹೊಸ್ತಿಲು ದಾಟಿದ ಮೇಲಿನ ಬೀದಿ, ಅದರ ಅಂಚಿನ ಮರ, ಮೂಲೆಯ ದೀಪ, ಸಮೀಪದ ಕೆರೆ ಇವೆಲ್ಲ ಸರ್ಕಾರದ ಪಾಲಿನವು ಎಂದು ಭಾವಿಸುವುದು ರೂಢಿ. ಆದರೆ ಬೀದಿಯ ಕೆಡುಕು ಮನೆಯ ಹೊಸ್ತಿಲಲ್ಲಿ ನಿಲ್ಲುವುದಿಲ್ಲ. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ, ತನ್ನ ಸಮಯವನ್ನೂ ತಿಳಿವಳಿಕೆಯನ್ನೂ ಸಮಾಜಕ್ಕೆ ಸಲ್ಲಿಸುವುದು ಎಂದು ನಂಬಿದವರು ಈ ವಿಷಯವನ್ನು ವಿವರವಾಗಿ ಅರಿಯುವುದು ಯುಕ್ತ. ಬೆಂಗಳೂರಿನ ಹಳೆಯ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಅನುಭವ ಇದಕ್ಕೆ ಉತ್ತಮ ನಿದರ್ಶನ.

ಆರೋಗ್ಯಕ್ಕಾಗಿ ಕಟ್ಟಿದ ಊರುಗಳು

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಅದಾದ ಕೆಲವೇ ವರ್ಷಗಳಲ್ಲಿ, 1898ರ ಆಗಸ್ಟ್ ತಿಂಗಳಲ್ಲಿ, ಪ್ಲೇಗ್ ಮಾರಿ ಬೆಂಗಳೂರಿಗೆ ಕಾಲಿಟ್ಟಿತು. ಗಾಳಿ ಬೆಳಕಿಲ್ಲದ, ಒತ್ತೊತ್ತಾದ ಪೇಟೆಯ ಓಣಿಗಳಲ್ಲಿ ರೋಗ ಬೇಗ ಹಬ್ಬಿತು. ಪೇಟೆಯ ದಟ್ಟಣೆಯನ್ನು ತಗ್ಗಿಸಲು ಮೈಸೂರು ಸಂಸ್ಥಾನದ ಸರ್ಕಾರವು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿತು. ಒಂದಕ್ಕೆ ದೊಡ್ಡ ಬಸವಣ್ಣನ ಗುಡಿಯಿಂದ ಹೆಸರು ಬಂದರೆ, ಮತ್ತೊಂದಕ್ಕೆ ಕಾಡು ಮಲ್ಲಿಕಾರ್ಜುನ ದೇವಾಲಯದಿಂದ ಹೆಸರು ಬಂತು.

ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಹಿತ್ತಲ ಹಿಂದೆ ಮಲಿನವನ್ನು ಸಾಗಿಸಲು ಪ್ರತ್ಯೇಕ ಓಣಿ, ಮರಗಳ ಸಾಲು, ಉದ್ಯಾನ ಇವು ಅಲಂಕಾರಕ್ಕಾಗಿ ಬಂದವಲ್ಲ, ಪ್ರಾಣರಕ್ಷಣೆಯ ಚಿಂತನೆಯಿಂದ ಬಂದವು. ಆದುದರಿಂದ ಇಂದು ಅಲ್ಲಿನ ನಿವಾಸಿಗಳು ಮರಕ್ಕಾಗಿ, ಕಾಲುದಾರಿಗಾಗಿ, ತೆರೆದ ಜಾಗಕ್ಕಾಗಿ ದನಿ ಎತ್ತಿದರೆ ಅದನ್ನು ಹಳೆಯ ಕಾಲದ ಮೋಹವೆಂದು ತಳ್ಳಿಹಾಕಲಾಗದು. ಬಡಾವಣೆ ಯಾವ ಉದ್ದೇಶಕ್ಕೆ ಹುಟ್ಟಿತೋ ಅದನ್ನೇ ಅವರು ನೆನಪಿಸುತ್ತಿದ್ದಾರೆ.

ಬಸವೇಶ್ವರ ವೃತ್ತದಿಂದ ಎದ್ದ ದನಿ

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ನಿರ್ಮಿಸುವ ಯೋಜನೆ ಮುಂದೆ ಬಂತು. ಅಂದಾಜು ವೆಚ್ಚ ಸುಮಾರು 1,791 ಕೋಟಿ ರೂಪಾಯಿ. ಇದಕ್ಕಾಗಿ 812 ಮರಗಳನ್ನು ಕಡಿಯಬೇಕಾಗುತ್ತದೆ ಎಂಬುದು ತಿಳಿದಾಗ ನಗರದ ಹಲವು ಬಡಾವಣೆಗಳ ಜನ ಒಂದಾದರು. ಅವರ ಪ್ರಶ್ನೆಗಳು ಸರಳವಾಗಿದ್ದವು. ಇಷ್ಟು ದೊಡ್ಡ ಕಾಮಗಾರಿಗೆ ಮುನ್ನ ಜನರನ್ನು ಕೇಳಿದವರು ಯಾರು? ಪರಿಸರದ ಮೇಲಿನ ಪರಿಣಾಮವನ್ನು ಅಳೆದದ್ದು ಹೇಗೆ? ಬಸ್ಸು ಮತ್ತು ರೈಲಿಗೆ ಆ ಹಣವನ್ನು ಏಕೆ ಬಳಸಬಾರದು?

2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯ ಬದಿಯಲ್ಲಿ ಕೈಕೈ ಹಿಡಿದು ಮಾನವ ಸರಪಳಿ ರಚಿಸಿದರು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಮಗಾರಿಗೆ ತಾತ್ಕಾಲಿಕ ತಡೆ ನೀಡಿತು. 2017ರ ಮಾರ್ಚ್ 2ರಂದು ಸರ್ಕಾರವೇ ಯೋಜನೆಯನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿತು. ಬೀದಿಯ ಒಗ್ಗಟ್ಟು, ದಾಖಲೆಗಳ ಅಧ್ಯಯನ, ನ್ಯಾಯಾಲಯದ ಮಾರ್ಗ ಈ ಮೂರೂ ಕೂಡಿದ್ದರಿಂದಲೇ ಜನರ ಮಾತಿಗೆ ಬೆಲೆ ಬಂತು.

ಸ್ಯಾಂಕಿ ಕೆರೆಯ ದಂಡೆಯಲ್ಲಿ

1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆ ಮಲ್ಲೇಶ್ವರ ಮತ್ತು ಸದಾಶಿವನಗರಗಳ ನಡುವೆ ಇದೆ. ಅದರ ಪಕ್ಕದ ರಸ್ತೆಯನ್ನು ಅಗಲಗೊಳಿಸುವ ಯತ್ನದ ವಿರುದ್ಧ 2011ರಲ್ಲಿಯೇ ನಿವಾಸಿಗಳು ಹೋರಾಡಿದ್ದರು. ಅದೇ ರಸ್ತೆಯಲ್ಲಿ ಮೇಲ್ಸೇತುವೆ ಮತ್ತು ವಿಸ್ತರಣೆಯ ಯೋಜನೆ ಮತ್ತೆ ಬಂದಾಗ, 2023ರ ಫೆಬ್ರವರಿಯಲ್ಲಿ ಹಿರಿಯರು, ಗೃಹಿಣಿಯರು, ವಿದ್ಯಾರ್ಥಿಗಳು ಕೂಡಿ ಮೌನವಾಗಿ ಪಾದಯಾತ್ರೆ ನಡೆಸಿದರು. ಪಾಲ್ಗೊಂಡವರ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಬೆಳಗಿನ ಹೊತ್ತು ಕೆರೆಯ ದಂಡೆಯಲ್ಲಿ ನಡೆಯುವ ವೃದ್ಧರಿಗೆ ಇದು ಅನಿರೀಕ್ಷಿತ ಆಘಾತ. ಆದರೂ ಅವರು ಹಿಂಜರಿಯಲಿಲ್ಲ.

ಇಲ್ಲಿ ಒಂದು ಎಚ್ಚರವನ್ನು ಹೇಳಬೇಕು. 2021ರ ಆದೇಶದಂತೆ ಬೆಂಗಳೂರು ನಗರದಲ್ಲಿ ಪ್ರತಿಭಟನೆ, ಮೆರವಣಿಗೆಗಳಿಗೆ ಸ್ವಾತಂತ್ರ್ಯ ಉದ್ಯಾನವೇ ನಿಗದಿತ ಸ್ಥಳ. ಹಾಗಾಗಿ ಸಂಘಟಿತರಾಗುವವರು ಅನುಮತಿಯ ನಿಯಮಗಳನ್ನು ಮೊದಲೇ ತಿಳಿದಿರುವುದು ಒಳಿತು. ಬೀದಿಗಿಳಿಯುವ ಮುನ್ನ ಮಾಡಬಹುದಾದ ಕೆಲಸಗಳೇ ಬಹಳ ಇವೆ.

ಕಾನೂನು ನೀಡಿರುವ ಆಧಾರಗಳು

ಸಂವಿಧಾನದ 74ನೇ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಅದು ವಿಧಿಸುತ್ತದೆ. ಬೆಂಗಳೂರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಬಳಿಕ ವರ್ಷಗಳ ಕಾಲ ಅಧಿಕಾರಿಗಳ ಆಡಳಿತವೇ ನಡೆಯಿತು. ದೂರು ಹೇಳಿಕೊಳ್ಳಲು ವಾರ್ಡಿನ ಸದಸ್ಯರೇ ಇಲ್ಲದ ಕಾಲದಲ್ಲಿ ನೆರೆಹೊರೆಯ ಸಂಘಗಳ ಹೊಣೆ ಇನ್ನಷ್ಟು ಹೆಚ್ಚಾಗುತ್ತದೆ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಷ್ಟು ಹಳೆಯದು. ಅದರ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ವೃಕ್ಷ ಅಧಿಕಾರಿಯು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಲಿಸಬೇಕು. ಯೋಜನೆಯನ್ನು ತುಂಡು ಮಾಡಿ ತೋರಿಸಿದರೆ ಈ ಸಂಖ್ಯೆ ಕಾಗದದ ಮೇಲೆ ಕಡಿಮೆಯಾಗಬಹುದು. ಆದ್ದರಿಂದ ಬೀದಿಯ ಮರಗಳನ್ನು ನಿವಾಸಿಗಳೇ ಎಣಿಸಿ ಪಟ್ಟಿ ಮಾಡಿಟ್ಟುಕೊಳ್ಳುವುದು ಪ್ರಯೋಜನಕಾರಿ.

2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯನ್ನು ಗೊತ್ತುಪಡಿಸಿವೆ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ನಮ್ಮ ಉತ್ಸವಗಳ ಧ್ವನಿವರ್ಧಕಕ್ಕೂ ಇದು ಅನ್ವಯಿಸುತ್ತದೆ ಎಂಬುದನ್ನು ಭಕ್ತರು ಮರೆಯಬಾರದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರ ಸಿಗಬೇಕು. ಕಾಮಗಾರಿಯ ನಕ್ಷೆ, ವೆಚ್ಚ, ಅನುಮತಿ ಪತ್ರಗಳನ್ನು ಹೀಗೆ ಪಡೆಯಬಹುದು.

ಸಂಘಟನೆ ಹೇಗೆ?

ಮೊದಲು ಒಂದೇ ಬೀದಿಯ ಹತ್ತು ಮನೆಗಳಿಂದ ಆರಂಭವಾಗಲಿ. ಕೆಟ್ಟ ದೀಪ, ತೆರೆದ ಚರಂಡಿ, ಕಾಲುದಾರಿಯ ಮೇಲೆ ನಿಲ್ಲುವ ವಾಹನ, ಒಬ್ಬರೇ ವಾಸಿಸುವ ಹಿರಿಯರ ಮನೆ ಇವುಗಳ ಪಟ್ಟಿ ಸಿದ್ಧವಾಗಲಿ. ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಕೆಲಸ ಬೆಳೆದಂತೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಕೂಡಿ ಸಂಘವನ್ನು ನೋಂದಾಯಿಸಬಹುದು. ಲೆಕ್ಕಪತ್ರ ಎಲ್ಲರಿಗೂ ತೆರೆದಿರಲಿ. ಸಂಘವು ಯಾವುದೇ ಪಕ್ಷದ ಅಥವಾ ಜಾತಿಯ ಸ್ವತ್ತಾಗದಿರಲಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸುರಕ್ಷತೆಯ ಹೆಸರಿನಲ್ಲಿ ಬಡವರನ್ನು ದೂರವಿಡುವುದು ಸಂಘಟನೆಯಲ್ಲ. ಗಾಂಧಿ ಬಜಾರಿನ ಹೂವಾಡಗಿತ್ತಿ, ಕಡಲೆಕಾಯಿ ಪರಿಷೆಗೆ ಬರುವ ರೈತ, ಬೀದಿ ಗುಡಿಸುವ ಪೌರಕಾರ್ಮಿಕ, ಬಾಡಿಗೆ ಮನೆಯ ವಿದ್ಯಾರ್ಥಿ ಇವರೂ ಬಡಾವಣೆಯ ಜನರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ರಷ್ಟು ಸ್ಥಾನಗಳನ್ನಾದರೂ ವ್ಯಾಪಾರಿಗಳಿಗೇ ಮೀಸಲಿಡುತ್ತದೆ. ನಿವಾಸಿಗಳ ಸಭೆಯಲ್ಲಿಯೂ ಅವರಿಗೆ ಆಸನ ಇರಬೇಕು. ರಸ್ತೆಯ ಗೊಂದಲವನ್ನು ಅವರೊಡನೆ ಕುಳಿತು ಬಗೆಹರಿಸಿದರೆ ಪರಿಹಾರ ಉಳಿಯುತ್ತದೆ. ಅವರನ್ನು ಎಬ್ಬಿಸಿ ಪಡೆದ ಅಚ್ಚುಕಟ್ಟು ಬಹುಕಾಲ ನಿಲ್ಲುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ ಬೇರೆ ಬೇರೆ ಕಾಯಕದ ಸ್ತ್ರೀಪುರುಷರು ಸಮಾನವಾಗಿ ಕುಳಿತು ವಿಚಾರ ಮಾಡಿದರು. ಬೀದಿಯ ಸಭೆಗೆ ಅದಕ್ಕಿಂತ ಉತ್ತಮ ಮಾದರಿ ಬೇಕಿಲ್ಲ. ಸದ್ಭಕ್ತರು ತಮ್ಮ ತಮ್ಮ ಬಡಾವಣೆಗಳಲ್ಲಿ ತಿಂಗಳಿಗೊಮ್ಮೆಯಾದರೂ ನೆರೆಹೊರೆಯವರೊಡನೆ ಸೇರಿ, ಕೇಳಿ, ದಾಖಲಿಸಿ, ಹೊಣೆ ಹಂಚಿಕೊಳ್ಳುವ ಸಂಕಲ್ಪ ಮಾಡಲಿ. ಅದೂ ಕಾಯಕವೇ, ಅದೂ ದಾಸೋಹವೇ.