ಬಾಡ್ಲಿಯ ಗ್ರಂಥಭಂಡಾರ

ಪುಸ್ತಕಗಳನ್ನು ದಾನ ಮಾಡುವುದು ಸುಲಭ; ದಾನವಾಗಿ ಬಂದ ಪುಸ್ತಕಗಳನ್ನು ನೂರು ವರ್ಷ ಉಳಿಸಿಕೊಳ್ಳುವುದು ಸುಲಭವಲ್ಲ. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಗೆ ಹಿರಿಯರೊಬ್ಬರು ಜೀವಮಾನವೆಲ್ಲ ತಾವು ಕೂಡಿಸಿಟ್ಟ ಪುಸ್ತಕಗಳನ್ನು ಎರಡು ಬೀರುಗಳ ಸಮೇತ ಕೊಟ್ಟರು. ಸಮಾರಂಭವಾಯಿತು, ಹಾರ ತುರಾಯಿಗಳಾದುವು. ಬೀಗದ ಕೈ ಯಾರ ಬಳಿ ಇರಬೇಕು, ಧೂಳನ್ನು ಯಾರು ಕೊಡವಬೇಕು ಎಂಬುದನ್ನು ಮಾತ್ರ ಯಾರೂ ಗೊತ್ತುಮಾಡಲಿಲ್ಲ. ಕೆಲವು ಮಳೆಗಾಲಗಳು ಕಳೆದ ಮೇಲೆ ಬೀರುವನ್ನು ತೆರೆದಾಗ ಅರ್ಧದಷ್ಟು ಪುಸ್ತಕಗಳು ಗೆದ್ದಲಿಗೆ ಆಹಾರವಾಗಿದ್ದುವು. ಅಂದಿನ ಆ ಬೀರುವನ್ನು ನೆನೆದಾಗಲೆಲ್ಲ ನನಗೆ ದೂರದ ಇಂಗ್ಲೆಂಡಿನ ಒಂದು ಗ್ರಂಥಾಲಯದ ಕಥೆಯೂ ನೆನಪಾಗುತ್ತದೆ. ಅದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರಂಥಾಲಯ. ಅದೂ ಒಮ್ಮೆ ಹೀಗೆಯೇ ಹಾಳಾಗಿ, ಎರಡನೆಯ ಸಲ ಹುಟ್ಟಿ, ನಾಲ್ಕು ಶತಮಾನಗಳಿಂದ ಉಳಿದುಬಂದಿದೆ.

ಇಂಗ್ಲೆಂಡಿನ ದೊರೆ ಐದನೆಯ ಹೆನ್ರಿಯ ತಮ್ಮನಾದ ಹಂಫ್ರಿ ಎಂಬ ಡ್ಯೂಕನು ವಿದ್ಯಾಪಕ್ಷಪಾತಿ. ಮುದ್ರಣಕಲೆ ಇನ್ನೂ ಆ ದೇಶವನ್ನು ಮುಟ್ಟಿರದ ಆ ಕಾಲದಲ್ಲಿ ಒಂದೊಂದು ಗ್ರಂಥವನ್ನೂ ಕೈಯಿಂದಲೇ ಬರೆಯಬೇಕಾಗಿದ್ದಿತು. ಅಂತಹ ಸುಮಾರು 281 ಹಸ್ತಪ್ರತಿಗಳನ್ನು ಆತನು 1444ರ ವೇಳೆಗೆ ಆಕ್ಸ್‌ಫರ್ಡಿಗೆ ಕಂತುಕಂತಾಗಿ ಕೊಟ್ಟನು. ಅವನ್ನು ಇರಿಸಲು ದೇವತಾಶಾಸ್ತ್ರದ ಪಾಠಶಾಲೆಯ ಮೇಲೆ ಒಂದು ವಿಶಾಲವಾದ ಕೊಠಡಿಯನ್ನು ಕಟ್ಟತೊಡಗಿದರು. ಹಣದ ಮುಗ್ಗಟ್ಟಿನಿಂದ ಕೆಲಸ ಕುಂಟುತ್ತ ಸಾಗಿ 1488ರಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ದಾನಿಯು ತೀರಿಕೊಂಡು ನಲವತ್ತು ವರ್ಷಗಳಾಗಿದ್ದುವು.

ಆ ಕೊಠಡಿ ಬಾಳಿದ್ದು ಅರವತ್ತೇ ವರ್ಷ. ಇಂಗ್ಲೆಂಡಿನಲ್ಲಿ ಮತಸುಧಾರಣೆಯ ಬಿರುಗಾಳಿ ಎದ್ದಿತು. ಹಳೆಯ ಮತದ ಸೋಂಕಿರುವ ಗ್ರಂಥಗಳೆಲ್ಲ ಮೂಢನಂಬಿಕೆಯ ಗ್ರಂಥಗಳೆಂಬ ನೆಪದಿಂದ 1550ರಲ್ಲಿ ಗ್ರಂಥಾಲಯವನ್ನು ಬರಿದುಮಾಡಿದರು. ಕೆಲವು ಬೆಂಕಿಗೆ ಬಿದ್ದುವೆಂದೂ ಕೆಲವು ಕಾಸಿಗೆ ಮಾರಾಟವಾದುವೆಂದೂ ಹೇಳುತ್ತಾರೆ. 1556ರಲ್ಲಿ ವಿಶ್ವವಿದ್ಯಾನಿಲಯವು ಖಾಲಿಬಿದ್ದ ಓದುಮೇಜುಗಳನ್ನೂ ಮಾರಿಬಿಟ್ಟಿತು. ಬೆಂಕಿ ಹಚ್ಚಿದವರಿಗಿಂತ ಮೇಜು ಮಾರಿದವರ ಮೇಲೆಯೇ ನನಗೆ ಹೆಚ್ಚು ಕೋಪ. ಇನ್ನು ಮುಂದೆ ಇಲ್ಲಿ ಯಾರೂ ಓದಬೇಕಾಗಿಲ್ಲವೆಂದು ಅವರು ತೀರ್ಮಾನಿಸಿಬಿಟ್ಟಂತಾಯಿತು. ಹಂಫ್ರಿ ಕೊಟ್ಟ ಗ್ರಂಥಗಳಲ್ಲಿ ಇಂದು ಆ ಗ್ರಂಥಾಲಯದಲ್ಲಿ ಉಳಿದಿರುವುವು ಬೆರಳಲ್ಲಿ ಎಣಿಸುವಷ್ಟು ಮಾತ್ರ.

ಗೋಡೆಗಳು ಬರಿದಾಗಿ ನಿಂತಿದ್ದ ಆ ದಿನಗಳಲ್ಲಿ ಆಕ್ಸ್‌ಫರ್ಡಿಗೆ ವಿದ್ಯಾರ್ಥಿಯಾಗಿ ಬಂದವನು ಥಾಮಸ್ ಬಾಡ್ಲಿ. 1545ರಲ್ಲಿ ಹುಟ್ಟಿದ ಆತನು ಬಾಲ್ಯದಲ್ಲಿ ಮತದ ಕಾರಣಕ್ಕಾಗಿಯೇ ತಂದೆತಾಯಿಗಳೊಡನೆ ದೇಶ ಬಿಟ್ಟು ಜಿನೀವಾದಲ್ಲಿ ಬೆಳೆದಿದ್ದನು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತಿದ್ದನು. ಮುಂದೆ ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಪಾಠ ಹೇಳಿದನು. ಎಲಿಜಬೆತ್ ರಾಣಿಯ ರಾಯಭಾರಿಯಾಗಿ ನೆದರ್ಲೆಂಡ್ಸಿನಲ್ಲಿ ದುಡಿದನು. ಮೀನಿನ ವ್ಯಾಪಾರದಿಂದ ಹಣವಂತನಾಗಿದ್ದ ವರ್ತಕನೊಬ್ಬನ ವಿಧವೆಯನ್ನು ಮದುವೆಯಾಗಿದ್ದುದರಿಂದ ಆತನಿಗೆ ಐಶ್ವರ್ಯವೂ ಇದ್ದಿತು. ರಾಜಕಾರಣದ ಒಳಜಗಳಗಳಿಂದ ಬೇಸತ್ತು ನಿವೃತ್ತನಾದ ಬಳಿಕ, 1598ರ ಫೆಬ್ರವರಿಯಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಗೆ ಒಂದು ಪತ್ರ ಬರೆದು, ಹಾಳುಬಿದ್ದ ಗ್ರಂಥಾಲಯವನ್ನು ತನ್ನ ಖರ್ಚಿನಿಂದ ಮತ್ತೆ ನಿಲ್ಲಿಸುವುದಾಗಿ ತಿಳಿಸಿದನು.

ಹಂಫ್ರಿಗೂ ಬಾಡ್ಲಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಡ್ಯೂಕನು ಪುಸ್ತಕಗಳನ್ನು ಕೊಟ್ಟನು. ಬಾಡ್ಲಿಯಾದರೋ ಪುಸ್ತಕಗಳ ಜೊತೆಗೆ ವರ್ಷವರ್ಷವೂ ಬರುವ ವರಮಾನವನ್ನು ಕೊಟ್ಟನು. ಹೊಸ ಗ್ರಂಥಗಳನ್ನು ಕೊಳ್ಳಲು, ಗ್ರಂಥಪಾಲಕನಿಗೆ ಸಂಬಳ ಕೊಡಲು, ಕಟ್ಟಡವನ್ನು ದುರಸ್ತಿಯಲ್ಲಿಡಲು ನಿಲುಗಡೆಯಿಲ್ಲದ ಆದಾಯವಿರಬೇಕು; ಹಿಂದಿನ ಗ್ರಂಥಾಲಯ ಅಳಿದುದಕ್ಕೆ ಅಂತಹ ಏರ್ಪಾಡಿಲ್ಲದುದೂ ಕಾರಣವೆಂದು ಆತನು ಕಂಡುಕೊಂಡಿದ್ದನು. ಅದಕ್ಕಾಗಿ ಹಳ್ಳಿಯ ಜಮೀನನ್ನೂ ಲಂಡನ್ನಿನ ಕೆಲವು ಮನೆಗಳನ್ನೂ ಬಿಟ್ಟುಕೊಟ್ಟನು.

ಈ ತಿಳಿವಳಿಕೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿದ್ದಿತು. ಅಲ್ಲಿಯ 1058ರ ಶಾಸನವು ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಹೇಳಿದ ಹಾಗೆಯೇ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ. ಅವರ ಜೀವನಕ್ಕೆ ಭೂಮಿಯನ್ನು ಬಿಟ್ಟಿದ್ದರು. ಸರಸ್ವತೀ ಭಂಡಾರಿಗರೆಂದರೆ ಗ್ರಂಥಗಳನ್ನು ಕಾಯುವವರು. ಬಾಡ್ಲಿಗಿಂತ ಐನೂರು ವರ್ಷಗಳಿಗೂ ಹಿಂದಿನ ಮಾತಿದು.

ಸುಮಾರು ಎರಡು ಸಾವಿರ ಸಂಪುಟಗಳೊಡನೆ 1602ರ ನವೆಂಬರ್ 8ರಂದು ಗ್ರಂಥಾಲಯವು ತೆರೆಯಿತು. ಥಾಮಸ್ ಜೇಮ್ಸ್ ಎಂಬ ವಿದ್ವಾಂಸನು ಮೊದಲ ಗ್ರಂಥಪಾಲಕನಾದನು. ಆತನು ಮದುವೆಯಾಗಕೂಡದೆಂದು ಬಾಡ್ಲಿ ಹಟ ಹಿಡಿದು, ಕಡೆಗೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದನು. ಮನೆಯ ಚಿಂತೆ ಹತ್ತಿದವನಿಗೆ ಪುಸ್ತಕದ ಚಿಂತೆ ಎಲ್ಲಿಯದು ಎಂಬುದು ಆತನ ಭಯ! 1605ರಲ್ಲಿ ಜೇಮ್ಸನು ಗ್ರಂಥಸೂಚಿಯನ್ನು ಅಚ್ಚು ಹಾಕಿಸಿದನು. ದಾನಿಗಳ ಹೆಸರುಗಳನ್ನು ಒಂದು ಭವ್ಯವಾದ ಪುಸ್ತಕದಲ್ಲಿ ಬರೆದು, ಬಂದವರ ಕಣ್ಣಿಗೆ ಬೀಳುವಂತೆ ಇಡುತ್ತಿದ್ದರು. ಅದನ್ನು ನೋಡಿದವರಿಗೂ ದಾನಮಾಡುವ ಮನಸ್ಸಾಗುತ್ತಿದ್ದಿತು; ಬಾಡ್ಲಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿದ್ದಿತು.

1610ರಲ್ಲಿ ಆತನು ಮಾಡಿದ ಕೆಲಸ ಇನ್ನೂ ದೊಡ್ಡದು. ಲಂಡನ್ನಿನ ಮುದ್ರಕರ ಮತ್ತು ಪುಸ್ತಕವ್ಯಾಪಾರಿಗಳ ಸಂಘದೊಡನೆ ಒಪ್ಪಂದ ಮಾಡಿಕೊಂಡು, ಅವರು ಅಚ್ಚು ಹಾಕುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಬಿಟ್ಟಿಯಾಗಿ ಕೊಡುವಂತೆ ಏರ್ಪಡಿಸಿದನು. ಒಪ್ಪಂದವು ಒಮ್ಮೊಮ್ಮೆ ಕಾಗದದಲ್ಲಿಯೇ ಉಳಿಯುತ್ತಿದ್ದುದುಂಟು. 1710ರಲ್ಲಿ ಅದಕ್ಕೆ ಕಾನೂನಿನ ಬಲ ಬಂದಿತು. ನಮ್ಮ ದೇಶದಲ್ಲಿಯೂ 1954ರ ಕಾನೂನಿನಂತೆ ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಪುಸ್ತಕ ಕಳುಹಿಸಬೇಕು.

ಪುಸ್ತಕಗಳನ್ನು ಕಾಯುವ ಬಗೆ ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ದೊಡ್ಡ ಗ್ರಂಥಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿದ್ದರು. ಸರಪಳಿಯನ್ನು ರಟ್ಟಿನ ಮುಂದಿನ ಅಂಚಿಗೆ ಹಾಕುತ್ತಿದ್ದುದರಿಂದ ಪುಸ್ತಕದ ಬೆನ್ನು ಒಳಕ್ಕೂ ಹಾಳೆಗಳು ಹೊರಕ್ಕೂ ಇರುತ್ತಿದ್ದುವು. ಓದುವವನು ಕಪಾಟಿನ ಬಳಿಗೇ ಹೋಗಿ ಓದಬೇಕು. 1757ರಿಂದೀಚೆಗೆ ಸರಪಳಿಗಳನ್ನು ತೆಗೆಯತೊಡಗಿದರು. ಬೆಂಕಿಯ ಭಯವಂತೂ ಇನ್ನೂ ಹೆಚ್ಚು. ಬೆಂಕಿಯನ್ನಾಗಲಿ ದೀಪವನ್ನಾಗಲಿ ಒಳಕ್ಕೆ ತರುವುದಿಲ್ಲವೆಂದು ಪ್ರತಿಯೊಬ್ಬ ಓದುಗನೂ ಪ್ರಮಾಣ ಮಾಡಬೇಕಾಗಿದ್ದಿತು. ಹಿಮ ಸುರಿಯುವ ಆ ನಾಡಿನಲ್ಲಿ 1845ರ ತನಕ ಆ ಕಟ್ಟಡವನ್ನು ಬೆಚ್ಚಗಿಡುವ ಏರ್ಪಾಡಿರಲಿಲ್ಲ. 1929ರ ತನಕ ದೀಪವಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ಇಳಿದೊಡನೆ ಓದು ಮುಗಿಯುತ್ತಿದ್ದಿತು.

ನಿಯಮಗಳಲ್ಲೆಲ್ಲ ಬಿಗಿಯಾದುದು, ಪುಸ್ತಕವನ್ನು ಹೊರಗೆ ಕೊಡಕೂಡದೆಂಬುದು. ಅದಕ್ಕೆ ಪರೀಕ್ಷೆಯ ಕಾಲವೂ ಬಂದಿತು. ಅಂತರ್ಯುದ್ಧದಲ್ಲಿ ದೊರೆ ಮೊದಲನೆಯ ಚಾರ್ಲ್ಸನು ಆಕ್ಸ್‌ಫರ್ಡಿನಲ್ಲಿಯೇ ಬೀಡುಬಿಟ್ಟಿದ್ದನು. 1645ರ ಡಿಸೆಂಬರಿನಲ್ಲಿ ಆತನು ಒಂದು ಚರಿತ್ರೆಯ ಗ್ರಂಥ ಬೇಕೆಂದು ಹೇಳಿ ಕಳುಹಿಸಿದನು. ಗ್ರಂಥಪಾಲಕ ಜಾನ್ ರೌಸನು ಗ್ರಂಥವನ್ನು ಕಳುಹಿಸಲಿಲ್ಲ. ಅದರ ಬದಲು ಬಾಡ್ಲಿಯ ನಿಯಮಾವಳಿಯನ್ನು ತೆಗೆದುಕೊಂಡು ಹೋಗಿ ದೊರೆಯ ಮುಂದೆ ಇಟ್ಟನು. ಸುತ್ತಲೂ ಸೈನ್ಯ, ದೊರೆಯ ಮಾತೇ ಕಾನೂನು. ಪಾಪ, ಆ ಗ್ರಂಥಪಾಲಕನ ಎದೆ ಎಷ್ಟು ಹೊಡೆದುಕೊಂಡಿರಬೇಕು! ದೊರೆಯಾದರೋ ನಿಯಮವನ್ನು ಒಪ್ಪಿ ಸುಮ್ಮನಾದನು. ಮರುವರ್ಷ ನಗರವು ವೈರಿಗಳ ವಶವಾದಾಗ ಅವರ ಸೇನಾಪತಿ ಫೇರ್‌ಫ್ಯಾಕ್ಸನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಗ್ರಂಥಾಲಯಕ್ಕೆ ಕಾವಲು ಹಾಕಿದುದು. ದೊರೆತನವನ್ನೇ ಕಿತ್ತೊಗೆದ ಕ್ರಾಮ್‌ವೆಲ್ಲನು 1654ರಲ್ಲಿ ಪೋರ್ಚುಗಲ್ಲಿನ ರಾಯಭಾರಿಗಾಗಿ ಒಂದು ಹಸ್ತಪ್ರತಿಯನ್ನು ಕೇಳಿದಾಗಲೂ ಅದೇ ಉತ್ತರ ಹೋಯಿತು.

ಹಾಗೆಂದು ಬಾಡ್ಲಿಯನ್ನು ದೋಷವಿಲ್ಲದವನೆನ್ನುವಂತಿಲ್ಲ. ಓದಬಲ್ಲವರು ಆಕ್ಸ್‌ಫರ್ಡಿನಲ್ಲಿ ಒಬ್ಬರೂ ಇಲ್ಲದಿದ್ದ ಕಾಲದಲ್ಲಿ, 1604ರಲ್ಲಿ, ಚೀನೀ ಭಾಷೆಯ ಪುಸ್ತಕ ಅಲ್ಲಿಗೆ ಬಂದಿತು. ಮುಂದೆ ಯಾರಾದರೂ ಓದಿಯಾರೆಂಬ ನಂಬಿಕೆಯಿಂದ ಅಂತಹವನ್ನು ಕಾದಿಟ್ಟರು. 1687ರಲ್ಲಿ ಚೀನಾದಿಂದ ಬಂದ ಷೆನ್ ಫುತ್ಸುಂಗ್ ಎಂಬ ತರುಣನು ಅವುಗಳಲ್ಲಿ ಏನಿದೆಯೆಂದು ತಿಳಿಸಿಕೊಟ್ಟನು. ಇಷ್ಟು ದೂರದ ನೋಟವಿದ್ದ ಬಾಡ್ಲಿಗೆ ತನ್ನ ಕಾಲದ ಇಂಗ್ಲಿಷ್ ನಾಟಕಗಳೆಂದರೆ ತಾತ್ಸಾರ. ಅವು ಗ್ರಂಥಾಲಯಕ್ಕೆ ಯೋಗ್ಯವಲ್ಲವೆಂದು ಆತನ ಮತ. ಆ ನಾಟಕಗಳನ್ನು ಬರೆಯುತ್ತಿದ್ದವರಲ್ಲಿ ಷೇಕ್ಸ್‌ಪಿಯರನೂ ಒಬ್ಬನು!

ಬಾಡ್ಲಿ 1613ರಲ್ಲಿ ತೀರಿಕೊಂಡನು. ಹತ್ತು ವರ್ಷಗಳ ಮೇಲೆ ಷೇಕ್ಸ್‌ಪಿಯರನ ನಾಟಕಗಳ ಮೊದಲ ದೊಡ್ಡ ಸಂಪುಟ ಅಚ್ಚಾಯಿತು. ಒಂದು ಪ್ರತಿ ಗ್ರಂಥಾಲಯಕ್ಕೆ ಬಂದು, ರಟ್ಟು ಕಟ್ಟಿಸಿಕೊಂಡು, ಸರಪಳಿಯನ್ನೂ ತೊಟ್ಟಿತು. 1664ರ ಸುಮಾರಿಗೆ ಅದರ ಮೂರನೆಯ ಮುದ್ರಣ ಬಂದಿತು. ಹೊಸದಿರುವಾಗ ಹಳೆಯದೇಕೆಂದು ಮೊದಲಿನ ಪ್ರತಿಯನ್ನು ಮಾರಿಬಿಟ್ಟರು. ದೊರೆಗೂ ಕೊಡದೆ ಪುಸ್ತಕ ಕಾಯ್ದವರು ಹೀಗೂ ಮಾಡಿದರು. 1905ರಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಮನೆಯಲ್ಲಿದ್ದ ಹಳೆಯ ಪುಸ್ತಕವೊಂದರ ಹರಿದ ರಟ್ಟನ್ನು ಸರಿಮಾಡಿಸುವ ಬಗೆ ಕೇಳಲು ಅದನ್ನು ಗ್ರಂಥಾಲಯಕ್ಕೆ ತಂದನು. ಸರಪಳಿಯ ಗುರುತು, ರಟ್ಟಿನ ಕೆಲಸ ಇವುಗಳಿಂದ ಅದು ಕಳೆದುಹೋದ ಪ್ರತಿಯೇ ಎಂದು ಗೊತ್ತಾಯಿತು. ಅಮೆರಿಕದ ಧನಿಕನೊಬ್ಬನು ಅದಕ್ಕೆ ಮೂರು ಸಾವಿರ ಪೌಂಡು ಕೊಡಲು ಮುಂದೆ ಬಂದನು. ಗ್ರಂಥಾಲಯದವರು ಸಾರ್ವಜನಿಕರಲ್ಲಿ ಚಂದಾ ಎತ್ತಿ, ಅಷ್ಟೇ ಹಣ ತೆತ್ತು, ತಮ್ಮ ಪುಸ್ತಕವನ್ನು ತಾವೇ 1906ರಲ್ಲಿ ಕೊಂಡುಕೊಂಡರು.

ಇಂದು ಅಲ್ಲಿ ಒಂದು ಕೋಟಿ ಮೂವತ್ತು ಲಕ್ಷಕ್ಕೂ ಮಿಕ್ಕ ಮುದ್ರಿತ ಕೃತಿಗಳಿವೆ. ಆಕ್ಸ್‌ಫರ್ಡಿನ ಕಟ್ಟಡಗಳಲ್ಲಿ ಸ್ಥಳ ಸಾಲದೆ, ಸ್ವಿಂಡನ್ ಪಟ್ಟಣದ ಬಳಿ 2010ರಲ್ಲಿ ಒಂದು ಭಾರಿ ಉಗ್ರಾಣವನ್ನು ತೆರೆದರು. ಅಲ್ಲಿ ಪುಸ್ತಕಗಳನ್ನು ವಿಷಯಾನುಸಾರ ಇಡದೆ, ಎತ್ತರ ದಪ್ಪಗಳ ಪ್ರಕಾರ ತಟ್ಟೆಗಳಲ್ಲಿ ಜೋಡಿಸುತ್ತಾರೆ. ಪ್ರತಿಯೊಂದರ ನೆಲೆಯನ್ನೂ ಗಣಕಯಂತ್ರ ಬಲ್ಲುದು. ಓದುಗನು ಬೇಡಿದ ಪುಸ್ತಕ ವಾಹನದಲ್ಲಿ ಆಕ್ಸ್‌ಫರ್ಡಿಗೆ ಬಂದು, ಓದುಕೊಠಡಿಯಲ್ಲಿ ಆತನ ಕೈ ಸೇರಿ, ಮತ್ತೆ ಹಿಂದಿರುಗುತ್ತದೆ. ಮುಖ್ಯಸ್ಥರನ್ನು ಇಂದಿಗೂ ಬಾಡ್ಲಿಯ ಗ್ರಂಥಪಾಲಕರೆಂದೇ ಕರೆಯುತ್ತಾರೆ. ಹೊಸದಾಗಿ ಸೇರುವ ಓದುಗನು, ಕೊಠಡಿಗಳಲ್ಲೆಲ್ಲ ವಿದ್ಯುದ್ದೀಪ ಉರಿಯುತ್ತಿದ್ದರೂ, ಬೆಂಕಿ ತರುವುದಿಲ್ಲವೆಂಬ ಆ ಹಳೆಯ ಪ್ರಮಾಣವನ್ನು ಮಾಡಿಯೇ ಒಳಗೆ ಹೋಗುತ್ತಾನೆ.