ಋತುವಿನ ನೆಪ, ಕರುಳಿನ ನೋವು

‘ಹವೆ ಬದಲಾಯಿತು, ಹೊಟ್ಟೆ ಕೆಟ್ಟಿತು’ ಎಂಬುದು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತು. ಆರೋಗ್ಯವಂತರಿಗೆ ಅದು ಎರಡು ದಿನದ ಮಜ್ಜಿಗೆ ಅನ್ನದಲ್ಲಿ ಮುಗಿಯುವ ತೊಂದರೆ. ಆದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ ಹಾಗೂ ಹುಣ್ಣು ಉಂಟುಮಾಡುವ ‘ಅಲ್ಸರೇಟಿವ್ ಕೊಲೈಟಿಸ್’ ಎಂಬ ದೀರ್ಘಕಾಲದ ಕಾಯಿಲೆ ಇರುವವರಿಗೆ ಅದೇ ತೊಂದರೆ ವಾರಗಟ್ಟಲೆ ರಕ್ತಭೇದಿ, ಆಸ್ಪತ್ರೆವಾಸ ಮತ್ತು ಸಂಬಳವಿಲ್ಲದ ರಜೆಗೆ ದಾರಿಯಾಗಬಹುದು.

ಇದು ಪಾಶ್ಚಾತ್ಯರ ಕಾಯಿಲೆ ಎಂಬ ನಂಬಿಕೆ ಬಹುಕಾಲ ಇತ್ತು. ಪಂಜಾಬಿನ ಲೂಧಿಯಾನದ ವೈದ್ಯರು 2003ರಲ್ಲಿ ಪ್ರಕಟಿಸಿದ ಸಮೀಕ್ಷೆ ಆ ನಂಬಿಕೆಯನ್ನು ಅಲುಗಾಡಿಸಿತು. ಅಲ್ಲಿ ಪ್ರತಿ ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಈ ಕಾಯಿಲೆ ಇತ್ತು. ಸಾಮಾನ್ಯವಾಗಿ ದುಡಿಯುವ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುವ ಇದನ್ನು ಔಷಧಿಯಿಂದ ಹತೋಟಿಯಲ್ಲಿಡಬಹುದು, ಬೇರುಸಹಿತ ಕೀಳಲಾಗದು. ತಿಂಗಳುಗಟ್ಟಲೆ ತಣ್ಣಗಿದ್ದು ಒಮ್ಮೆಲೇ ಉಲ್ಬಣಿಸುವುದು ಇದರ ಸ್ವಭಾವ.

ಈ ಉಲ್ಬಣಕ್ಕೂ ಋತುಮಾನಕ್ಕೂ ನಂಟು ಉಂಟೇ? ನಮ್ಮ ಆಯುರ್ವೇದದ ಋತುಚರ್ಯೆ, ವರ್ಷಋತುವಿನಲ್ಲಿ ಜಠರಾಗ್ನಿ ಮಂದವಾಗುತ್ತದೆ, ಹೇಮಂತದಲ್ಲಿ ಪ್ರಬಲವಾಗುತ್ತದೆ ಎನ್ನುತ್ತದೆ. ಅದು ಒಟ್ಟಾರೆ ಜೀರ್ಣಶಕ್ತಿಯ ಮಾತು, ಈ ನಿರ್ದಿಷ್ಟ ಕಾಯಿಲೆಯದಲ್ಲ. ಆಧುನಿಕ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಕೆಲವು ವಸಂತದತ್ತ ಬೆರಳು ತೋರಿದರೆ ಕೆಲವು ಚಳಿಗಾಲದತ್ತ. ಸಂಬಂಧವೇ ಇಲ್ಲವೆಂದವೂ ಇವೆ. ಜ್ಯೂರಿಕ್‌ನ ವಿಶ್ವವಿದ್ಯಾಲಯ ಆಸ್ಪತ್ರೆಯ ಐದು ವರ್ಷಗಳ ದಾಖಲೆ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಸಿಗಾಳಿ ಮುಂದುವರಿದ ಪ್ರತಿ ದಿನಕ್ಕೆ ಕರುಳಿನ ಉರಿಯೂತ ಉಲ್ಬಣಿಸುವ ಅಪಾಯ ಶೇ 4.6ರಷ್ಟು ಏರಿತೆಂದು ಲೆಕ್ಕ ಹಾಕಿತು.

ಎರಡು ಸಂಗತಿಗಳು ಒಟ್ಟಿಗೆ ಘಟಿಸಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿ ಕಲಿಯುವ ಮೊದಲ ಪಾಠಗಳಲ್ಲೊಂದು. ಋತು ನೇರವಾಗಿ ಕರುಳನ್ನು ಹೊಕ್ಕುವುದಕ್ಕಿಂತ ಹೆಚ್ಚಾಗಿ ನೀರು, ಸೋಂಕು ಮತ್ತು ಮಾತ್ರೆಗಳ ಮೂಲಕ ಬರುತ್ತದೆ.

ಬೇಸಿಗೆಯನ್ನೇ ನೋಡೋಣ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆ ಬಾವಿಗಳ ಪೈಕಿ 6,900 ಬತ್ತಿದ್ದವು ಎಂದು ಸರ್ಕಾರವೇ ಹೇಳಿತ್ತು. ಬಡಾವಣೆಗಳು ಟ್ಯಾಂಕರ್ ನೀರಿಗೆ ಮುಗಿಬಿದ್ದವು. ಅಶುದ್ಧ ನೀರಿನಿಂದ ಬರುವ ಕರುಳಿನ ಸೋಂಕು ಕೊಲೈಟಿಸ್ ಅನ್ನು ಕೆರಳಿಸಬಲ್ಲದು. ಲಕ್ಷಣಗಳಲ್ಲಿ ಅದನ್ನೇ ಹೋಲಲೂಬಲ್ಲದು. ಆದ್ದರಿಂದ ಭೇದಿ ಹೆಚ್ಚಾದಾಗ ಮಲಪರೀಕ್ಷೆ ಮಾಡಿಸದೆ, ಮನೆಯಲ್ಲಿ ಉಳಿದಿರುವ ಸ್ಟಿರಾಯ್ಡ್ ಮಾತ್ರೆಯನ್ನು ತಾವೇ ನುಂಗುವುದು ಅಪಾಯಕಾರಿ.

ಮಳೆಗಾಲದಲ್ಲಿ ಡೆಂಗಿ, ಚಿಕೂನ್‌ಗುನ್ಯ ಬರುತ್ತವೆ. ಮೈಕೈ ನೋವಿಗೆ ಔಷಧಿ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂತಹ ನೋವುನಿವಾರಕಗಳು ಕೆಲವರಲ್ಲಿ ಕೊಲೈಟಿಸ್ ಕೆರಳಿಸುತ್ತವೆ. ಡೆಂಗಿಯಲ್ಲಿ ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತವೆ. ಚಳಿಗಾಲದ ನೆಗಡಿಗೆ ಅನಗತ್ಯವಾಗಿ ನುಂಗುವ ಆ್ಯಂಟಿಬಯಾಟಿಕ್ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳ ಸಮತೋಲನ ಕೆಡಿಸುತ್ತದೆ.

ಇವೆಲ್ಲಕ್ಕಿಂತ ಮೌನವಾದ ಕಾರಣ ಇನ್ನೊಂದಿದೆ. ಕಾಯಿಲೆ ತಣ್ಣಗಿರುವಾಗ ಮೆಸಲಮೈನ್‌ನಂತಹ ದಿನನಿತ್ಯದ ಮಾತ್ರೆ ದಂಡದ ಖರ್ಚಾಗಿ ಕಾಣುತ್ತದೆ. ಶಾಲೆಯ ಶುಲ್ಕ ಕಟ್ಟಬೇಕಾದ ತಿಂಗಳಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಎರಡು ಮೂರು ತಿಂಗಳ ನಂತರ ಉಲ್ಬಣ ಕಾಣಿಸಿಕೊಂಡರೆ, ಆಗ ಹೊರಗೆ ಸುರಿಯುತ್ತಿರುವ ಮಳೆಯ ತಲೆಗೆ ಅದನ್ನು ಕಟ್ಟುತ್ತೇವೆ. ಉಳಿಸಿದ ಹಣ ಆಸ್ಪತ್ರೆಯ ಒಂದು ವಾರದ ಬಿಲ್ಲಿಗೂ ಸಾಲದು.

ರೋಗಿಯ ಎಚ್ಚರದಷ್ಟೇ ಆಡಳಿತದ ಹೊಣೆಯೂ ದೊಡ್ಡದು. ಬೇಸಿಗೆಗೆ ಮುನ್ನ ಎಷ್ಟು ಟ್ಯಾಂಕರ್ ಬೇಕೆಂಬ ಲೆಕ್ಕ ಕಡತದಲ್ಲಿ ಅಚ್ಚುಕಟ್ಟಾಗಿ ಇರುತ್ತದೆ. ಅವು ತರುವ ನೀರಿನ ಗುಣಮಟ್ಟವನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕೆಂಬ ಪ್ರಶ್ನೆಗೆ ಅಷ್ಟೇ ಅಚ್ಚುಕಟ್ಟಾದ ಉತ್ತರ ಸಿಗುವುದು ಅಪರೂಪ. ದಿನಕ್ಕೆ ಹತ್ತು ಬಾರಿ ಶೌಚಕ್ಕೆ ಹೋಗಬೇಕಾದವನಿಗೆ ಬಸ್ ನಿಲ್ದಾಣದ ಶುಚಿಯಾದ ಶೌಚಾಲಯವೇ ನೌಕರಿ ಉಳಿಸುವ ಸಾಧನ. ಮಹಿಳೆಯರ ಪಾಡು ಇನ್ನೂ ಕಷ್ಟ. ಹೊರಗಿಂದ ನೋಡಿದರೆ ಸದೃಢವಾಗಿಯೇ ಕಾಣುವ ಈ ನೌಕರರ ರಜೆ ಅರ್ಜಿಯನ್ನು ಮೇಲಧಿಕಾರಿ ಅನುಮಾನದಿಂದ ನೋಡುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೆಸರಿಸಿರುವ 21 ನ್ಯೂನತೆಗಳಲ್ಲೂ ಈ ಕಾಯಿಲೆಗೆ ಸ್ಥಾನವಿಲ್ಲ.

ಆ ಪಟ್ಟಿಯ ಪರಿಷ್ಕರಣೆಗೆ ಕಾಲ ಹಿಡಿದೀತು. ಆದರೆ ಟ್ಯಾಂಕರ್ ನೀರಿನ ಪರೀಕ್ಷೆ, ನಿಲ್ದಾಣಗಳ ಶೌಚಾಲಯಗಳ ನಿರ್ವಹಣೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಕರುಳಿನ ಕಾಯಿಲೆಯ ಮಾತ್ರೆಗಳು ವರ್ಷವಿಡೀ ಸಿಗುವಂತೆ ನೋಡಿಕೊಳ್ಳುವುದು, ಈ ಮೂರನ್ನು ಪ್ರತಿ ವರ್ಷದ ಬೇಸಿಗೆ ಮತ್ತು ಮುಂಗಾರಿನ ಸಿದ್ಧತಾ ಸಭೆಯ ಕಾರ್ಯಸೂಚಿಗೆ ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ.