ಬೆಟ್ಟದ ತಿರುವಿಗೆ ಶುಂಠಿಯ ಚೂರು

ಕೌದಳ್ಳಿ ದಾಟಿದ ಬಸ್ಸು ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಏರತೊಡಗಿದರೆ ತಿರುವಿನ ಮೇಲೆ ತಿರುವು. ಮಕ್ಕಳ ಮುಖ ಬಾಡುತ್ತದೆ, ಹೊಟ್ಟೆ ತೊಳಸುತ್ತದೆ, ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಿ ಎಂಬ ಕೋರಿಕೆ ಶುರುವಾಗುತ್ತದೆ. ಇಂಥ ಹೊತ್ತಿಗೆ ಉಪ್ಪು ಸವರಿದ ಹಸಿಶುಂಠಿಯ ಚೂರನ್ನು ಬಾಯಿಗಿಟ್ಟುಕೊಳ್ಳುವುದು ನಮ್ಮ ಹಳೆಯ ರೂಢಿ. ಅದರಲ್ಲಿ ನಿಜವಾಗಿ ಹುರುಳಿದೆ.

ಬಸ್ಸು ವಾಲಿದಾಗ ಒಳಗಿವಿಯಲ್ಲಿರುವ ಸಮತೋಲನದ ಅಂಗ ‘ದೇಹ ತಿರುಗುತ್ತಿದೆ’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ಈ ಜಗಳದ ಪೆಟ್ಟು ಬೀಳುವುದು ಹೊಟ್ಟೆಗೆ. ನಿಮಿಷಕ್ಕೆ ಸುಮಾರು 3 ಸಲ ಅಲೆಯಂತೆ ಮಿಡಿಯುವ ಜಠರದ ಲಯ ತಪ್ಪಿ ವಾಕರಿಕೆ ಬರುತ್ತದೆ. ಶುಂಠಿ ಕೆಲಸ ಮಾಡುವುದು ಮುಖ್ಯವಾಗಿ ಇಲ್ಲಿಯೇ. ಅದು ಜಠರದ ಲಯ ಕೆಡದಂತೆ ತಡೆಯುತ್ತದೆ. ವಾಂತಿಯ ಸಂದೇಶ ಹೊತ್ತೊಯ್ಯುವ ಸೆರೊಟೋನಿನ್ ಗ್ರಾಹಕಗಳನ್ನೂ ಅಡ್ಡಗಟ್ಟುತ್ತದೆ.

1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಪ್ರಯಾಣದಲ್ಲಿ ಬೇಗ ವಾಕರಿಕೆ ಬರುವ 36 ವಿದ್ಯಾರ್ಥಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿದ್ದರು. ಒಣಶುಂಠಿ ಪುಡಿ ತಿಂದವರಲ್ಲಿ ಅರ್ಧದಷ್ಟು ಮಂದಿ ಪೂರ್ತಿ 6 ನಿಮಿಷ ತಡೆದುಕೊಂಡರು; ರೂಢಿಯ ವಾಂತಿ ಮಾತ್ರೆ ನುಂಗಿದವರಲ್ಲಿ ಒಬ್ಬರಿಗೂ ಅದು ಆಗಲಿಲ್ಲ. ನಂತರದ ಪ್ರಯೋಗಗಳೆಲ್ಲ ಇಷ್ಟು ಒಳ್ಳೆಯ ಫಲ ಕೊಡಲಿಲ್ಲ ಎಂಬುದನ್ನೂ ಹೇಳಲೇಬೇಕು. ಬಸುರಿಯರ ಬೆಳಗಿನ ವಾಕರಿಕೆಗೆ ಮಾತ್ರ ಶುಂಠಿಯ ಪರವಾದ ಸಾಕ್ಷ್ಯ ಗಟ್ಟಿಯಾಗಿದೆ.

ನಾವು ಬೇರು ಎನ್ನುವ ಶುಂಠಿ ಬೇರಲ್ಲ, ನೆಲದೊಳಗೆ ಅಡ್ಡಡ್ಡ ಬೆಳೆಯುವ ಕಾಂಡ. ಕೊಳ್ಳೇಗಾಲ, ಹನೂರು ಸೀಮೆಯ ಹೊಲಗಳಲ್ಲಿ ಬೆಳೆಯುವ ಅರಿಶಿನ ಇದರದೇ ಕುಟುಂಬ. ಹಸಿಶುಂಠಿಯ ಖಾರಕ್ಕೆ ಜಿಂಜರಾಲ್ ಕಾರಣ. ಒಣಗಿಸಿದರೆ ಅದರಿಂದ ನೀರಿನ ಅಂಶ ಕಳಚಿ ಶೋಗಾಲ್ ಆಗುತ್ತದೆ, ಖಾರ ದುಪ್ಪಟ್ಟಿಗಿಂತ ಹೆಚ್ಚುತ್ತದೆ. ಬೇಯಿಸಿದಾಗ ಜಿಂಜರಾಲ್‌ನ ಒಂದು ಪಾಲು ಸೌಮ್ಯವಾದ ಜಿಂಜರೋನ್ ಆಗುತ್ತದೆ. ಸಾರಿಗೆ ಹಸಿಶುಂಠಿ, ಕಷಾಯಕ್ಕೆ ಒಣಶುಂಠಿ ಎಂದು ಬೇರೆಬೇರೆಯಾಗಿ ಎತ್ತಿಡುವ ನಮ್ಮ ಅಡುಗೆಮನೆ ಎರಡು ಬೇರೆ ರಾಸಾಯನಿಕಗಳನ್ನೇ ಬಳಸುತ್ತಿದೆ. ಆಯುರ್ವೇದದ ತ್ರಿಕಟುವಿನಲ್ಲೂ ಕಾಳುಮೆಣಸು, ಹಿಪ್ಪಲಿಯ ಜೊತೆ ಇರುವುದು ಒಣಶುಂಠಿಯೇ.

ಮಂಡಿನೋವಿಗೆ ಶುಂಠಿಯಿಂದ ಅಲ್ಪಸ್ವಲ್ಪ ಉಪಶಮನ ಸಿಗಬಹುದು. ನೆಗಡಿಗೆ ಬಿಸಿ ಕಷಾಯ ಗಂಟಲಿಗೆ ಹಿತ, ಅಷ್ಟೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ ಶುಂಠಿಯಿಂದ ವಾಸಿಯಾಗುತ್ತವೆ ಎಂಬ ಮಾತನ್ನು ನಂಬಿ ಯಾರೂ ಮಾತ್ರೆ ಬಿಡಬಾರದು.

ಬೆಟ್ಟಕ್ಕೆ ಹೊರಡುವ ಅರ್ಧ ಗಂಟೆ ಮೊದಲು ಅರ್ಧ ಚಮಚ ಒಣಶುಂಠಿ ಪುಡಿಯನ್ನು ಬೆಲ್ಲದೊಂದಿಗೆ ತಿನ್ನಿ. ವಾಕರಿಕೆ ಶುರುವಾದ ಮೇಲೆ ತಿಂದರೆ ಪ್ರಯೋಜನ ಕಡಿಮೆ. ಎದೆಯುರಿ ಇರುವವರಿಗೆ ಹೆಚ್ಚು ಶುಂಠಿ ಒಗ್ಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ದಯವಿಟ್ಟು ಮೊದಲು ವೈದ್ಯರನ್ನು ಕೇಳಿ.